ಅಕ್ಕ ನನ್ನ ಮನೆಯಲ್ಲಿ ಊಟ ಬಿಟ್ಟಿರುವ ಬಗ್ಗೆ, ನಿವೃತ್ತಿ ನಿಧಿ ಸಮಿತಿಗೆ

ಅಮೆರಿಕದ ನಡುಮಧ್ಯದ ಈ ಮೆಕ್ಕೆಜೋಳದ ಸೀಮೆಯ ಶಾಸನಸಭೆಯಲ್ಲಿ ನಿವೃತ್ತಿ ನಿಧಿ ಸಮಿತಿಯ ಅಧ್ಯಕ್ಷಪೀಠವನ್ನು ಅಲಂಕರಿಸಿರುವ ವೆಂಡೆಲ್ ಕ್ರಾಟ್ಸ್ ಅವರ ಸನ್ನಿಧಾನಕ್ಕೆ, ಹನ್ನೆರಡು ವರ್ಷ ಸರ್ಕಾರಿ ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದು, ಹನ್ನೊಂದು ವರ್ಷದ ಹಿಂದೆ ನಿವೃತ್ತಳಾದ ನ್ಯಾರುವಾಟ್ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವೂ ತಮ್ಮ ಮಸೂದೆಯೂ ಕ್ಷೇಮವೆಂದು ಪತ್ರಿಕೆಯಲ್ಲಿ ಓದಿ ಸಂತೋಷವಾಯಿತು. ಪರದೇಶದಲ್ಲಿ ಜನರನ್ನು ಕೊಂದು ಓಡಿಸುವವರ ಜೊತೆ ಸೇರಿ ವ್ಯಾಪಾರ ಮಾಡುವ ಕಂಪನಿಗಳಲ್ಲಿ ನಮ್ಮ ಪಿಂಚಣಿ ಹಣವನ್ನು ತೊಡಗಿಸಬಾರದು ಎನ್ನುವ ಇಂಥ ಸದ್ಗುಣಿ ಮಸೂದೆಯ ಮೇಲೆ ದೂರು ಹೇಳುವುದೆಂದರೆ ನನಗೇ ನಾಚಿಕೆ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ನಿಧಿಯವರು ವರ್ಷಕ್ಕೊಮ್ಮೆ ಕಳಿಸುವ ಪುಸ್ತಕವನ್ನು ಯಾರೂ ಓದಬಾರದೆಂದೇ ಅಷ್ಟು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸಿರುತ್ತಾರೆ. ನಾನು ಕನ್ನಡಕ ಹಾಕಿಕೊಂಡು ಓದಿದೆ. ಸೂಡಾನಿನ ದಕ್ಷಿಣದಲ್ಲಿ ನಮ್ಮೂರಿನ ನೆಲದಡಿ ಎಣ್ಣೆ ತೆಗೆದ ಕಂಪನಿಯ ಹೆಸರು ಅದರಲ್ಲಿತ್ತು. ಆ ಕಂಪನಿ ಹಾಕಿಸಿದ ರಸ್ತೆಯಲ್ಲೇ ಸಿಪಾಯಿಗಳು ಲಾರಿಯಲ್ಲಿ ಬಂದು ಊರು ಸುಟ್ಟರು. ದನಗಳ ಹಗ್ಗ ಬಿಚ್ಚುತ್ತಿದ್ದ ನನ್ನ ತಮ್ಮ ಗಾಟ್‌ಕೆಕ್ ಅಲ್ಲೇ ಗುಂಡೇಟಿಗೆ ಸತ್ತ. ಅಂಥ ಕಂಪನಿಗೆ ನಾನೂ ಒಬ್ಬ ಮಾಲೀಕಳೆಂದು ತಿಳಿದ ಸಂಭ್ರಮದಲ್ಲಿ ಬಾಯಿ ತಡೆಯದೆ, ಎದುರಿಗೆ ಊಟಕ್ಕೆ ಕೂತಿದ್ದ ನಮ್ಮಕ್ಕ ನ್ಯಾಬೋಯ್‌ಗೆ ಹೇಳಿಬಿಟ್ಟೆ.

ನಾವು ನುಯೇರ್ ಜನ. ಕೊಂದವರ ಕಡೆಯವರೂ ಸತ್ತವರ ಕಡೆಯವರೂ, ದನ ಕೊಟ್ಟು ಪರಿಹಾರ ಮುಗಿಯುವ ತನಕ, ಒಂದೇ ಪಾತ್ರೆಯಲ್ಲಿ ಉಣ್ಣುವಂತಿಲ್ಲ, ನೀರು ಕೂಡ ಕುಡಿಯುವಂತಿಲ್ಲ. ಅಕ್ಕ ಬಾಯಲ್ಲಿದ್ದ ತುತ್ತನ್ನು ಉಗಿದಳು. “ಅಯ್ಯೋ ಪಾಪಿ! ಹನ್ನೊಂದು ವರ್ಷದಿಂದ ತಮ್ಮನ್ನ ಕೊಂದೋರ ಅನ್ನ ತಿನ್ನಿಸ್ತಾ ಇದ್ಯಲ್ಲೇ ನಂಗೆ!” ಎಂದಳು. “ಬರೀ ಚೂರು ಕಣಕ್ಕ, ಸಾವಿರದಲ್ಲಿ ಒಂದು ಪಾಲೂ ಇಲ್ಲ” ಎಂದೆ. “ವಿಷ ಎಷ್ಟು ಚಮಚ ಹಾಕಿದೀಯಾ ಅಂತ ಕೇಳಿದ್ನಾ ನಾನು?” ಎಂದು ಎದ್ದೇಬಿಟ್ಟಳು. ಅಂದಿನಿಂದ ಭಾನುವಾರ ಚರ್ಚು ಮುಗಿಸಿ ಬರುತ್ತಾಳೆ, ಹಿಮ ಬಿದ್ದ ಮೆಟ್ಟಿಲ ಮೇಲೆ ಕೂತು ತನ್ನ ಡಬ್ಬಿ ತಾನು ಬಿಚ್ಚಿ ಉಣ್ಣುತ್ತಾಳೆ. ನಾನು ಒಳಗೆ ಕಿಟಕಿಯ ಬಳಿ ಕೂತು ಉಣ್ಣುತ್ತೇನೆ.

ಇದನ್ನೇ ಅರಿಕೆ ಮಾಡಲು ಮಸೂದೆಯ ಬಗ್ಗೆ ತಮ್ಮ ಸಮಿತಿ ನಡೆಸಿದ ವಿಚಾರಣೆಗೆ ಬಂದಾಗ ತಾವು ಮೂರು ನಿಮಿಷ ದಯಪಾಲಿಸಿದಿರಿ. ಮೇಜಿನ ಮೇಲೆ ಸಮಯ ತೋರಿಸುವ ದೀಪ ಹಸಿರಿರುವಾಗ ಹೆಸರು ಹೇಳಿ, ಹಳದಿಯಲ್ಲಿ ಊರು ಸುಟ್ಟು, ಕೆಂಪು ಬರುವಷ್ಟರಲ್ಲಿ ಗಾಟ್‌ಕೆಕ್ ಸಾಯಬೇಕಿತ್ತು. ಅವನಿನ್ನೂ ಹಗ್ಗ ಬಿಚ್ಚುತ್ತಿರುವಾಗಲೇ ಸಮಯ ಮುಗಿಯಿತು. ಆದರೂ ತಾವು ದೊಡ್ಡ ಮನಸ್ಸು ಮಾಡಿ, “ಅಮ್ಮಾ, ಇದಕ್ಕೆಲ್ಲ ಕಂಪನಿನೇ ಕಾರಣ ಅನ್ನೋಕೆ ಕಾಗದ ಪತ್ರ ಏನಾದ್ರೂ ಇದೆಯಾ?” ಎಂದು ಕೇಳಿದಿರಿ. ಗುಂಡು ಹಾರಿಸಿದವರು ರಸೀದಿ ಕೊಡಲು ಮರೆತರು, ನಮಗೂ ಓಡುವ ಗಡಿಬಿಡಿಯಲ್ಲಿ ಕೇಳಬೇಕೆಂದು ಹೊಳೆಯಲಿಲ್ಲ. ಕ್ಷಮೆಯಿರಲಿ.

ಆಮೇಲೆ ತಾವು ಮಸೂದೆಗೆ ಸೇರಿಸಿದ ತಿದ್ದುಪಡಿಗಳನ್ನು ಎಷ್ಟು ಹೊಗಳಿದರೂ ಸಾಲದು. ಷೇರು ಮಾರುವ ಮುನ್ನ ಕಂಪನಿಗೆ ವಿನಯದಿಂದ ಪತ್ರ ಬರೆಯಬೇಕು, ಉತ್ತರಕ್ಕೆ ತೊಂಬತ್ತು ದಿನ ಕಾಯಬೇಕು, ಮಾರಿದರೆ ನಷ್ಟವಾಗುವಂತಿದ್ದರೆ ಮಾರಲೇಬಾರದು. ಎಂಥ ಅಂತಃಕರಣ! ಇಂಥದ್ದೊಂದು ಕಾನೂನು ಆಗ ನಮ್ಮೂರಿಗೂ ಇದ್ದಿದ್ದರೆ, ಲಾರಿಯವರು ಮೊದಲು ಕಾಗದ ಬರೆದು, ತೊಂಬತ್ತು ದಿನ ಹೊಳೆಯಾಚೆ ಡೇರೆ ಹಾಕಿ ಕಾದು, ಸುಟ್ಟರೆ ನಮಗೆ ನಷ್ಟವಾಗುತ್ತದೆಂದು ತಿಳಿದು, ಟೀ ಕುಡಿದು ವಾಪಸ್ಸು ಹೋಗುತ್ತಿದ್ದರು.

ಷೇರು ಮಾರದಿದ್ದರೆ ಬೇಡ, ಆ ಕಂಪನಿಯಿಂದ ಬಂದ ಹಣವನ್ನಾದರೂ ಬೇರೆ ಬಣ್ಣದ ಚೆಕ್ಕಿನಲ್ಲಿ ಕೊಡಿ, ನಾನದನ್ನು ಮುಟ್ಟುವುದಿಲ್ಲ ಎಂದು ನಿಧಿಯ ಕಚೇರಿಗೆ ಫೋನು ಮಾಡಿದೆ. ಪಾಪ, ಆ ಹುಡುಗಿ ನಯವಾಗಿಯೇ, “ಎಲ್ಲಾ ಒಂದೇ ಪಾತ್ರೆಗೆ ಬೀಳತ್ತೆ ಮೇಡಂ, ಬೆರೆತುಹೋದ ಮೇಲೆ ಬೇರೆ ಮಾಡೋಕಾಗಲ್ಲ” ಎಂದಳು. ನಮ್ಮಕ್ಕ ಹೇಳುವುದೂ ಅಕ್ಷರಶಃ ಅದನ್ನೇ. ಅವಳನ್ನು ತಮ್ಮ ಸಮಿತಿಗೆ ತಜ್ಞೆಯಾಗಿ ನೇಮಿಸಿಕೊಳ್ಳಬಹುದು.

ಆದ್ದರಿಂದ ನನ್ನದು ಸಣ್ಣ ಕೋರಿಕೆ. ನಮ್ಮಲ್ಲಿ ಚಿರತೆ ಚರ್ಮ ಹೊದ್ದ ಹಿರಿಯರು ನಡುವೆ ನಿಂತು, ಸತ್ತವನಿಗೆ ನಲವತ್ತು ದನ ಕೊಡಿಸಿ ವೈರ ಬಿಡಿಸುತ್ತಾರೆ. ತಾವು ಒಂದು ಚರ್ಮ ಹೊದ್ದು ದನ ಹೊಡೆದುಕೊಂಡು ನಮ್ಮ ಬೀದಿಗೆ ದಯಮಾಡಿಸಿದರೆ ಸಾಕು. ಪೊಲೀಸರ ಅನುಮತಿ ನಾನು ಪಡೆಯುತ್ತೇನೆ. ಕಂಪನಿಯ ಮಾಲೀಕಳಾಗಿ ನನ್ನ ಪಾಲಿಗೆ ಬರುವ ಒಂದು ದನದ ಕಿವಿಯನ್ನೋ ಬಾಲವನ್ನೋ ನಾನೂ ಕೊಡುತ್ತೇನೆ. ಕೊಂದವರ ಕಡೆಯವಳೂ ಸತ್ತವನ ಕಡೆಯವಳೂ ನಾನೇ ಆಗಿರುವುದರಿಂದ, ನನ್ನ ಬಲಗೈ ಎಡಗೈಗೆ ದಾಟಿಸಿದರೆ ಆಯಿತು.

ಆದರೆ ಸ್ವಲ್ಪ ಬೇಗ ಆಗಬೇಕು. ಕಳೆದ ವಾರ ಡಾಕ್ಟರು ಅಕ್ಕನಿಗೆ ಕೊಟ್ಟ ಗಡುವು ತೊಂಬತ್ತು ದಿನಕ್ಕಿಂತ ಕಡಿಮೆ. ಅದಕ್ಕೂ ಮೊದಲು ಅವರು ಅವಳಿಗೆ ವಿನಯದ ಪತ್ರವೇನೂ ಬರೆದಿರಲಿಲ್ಲ. ಈಗ ಅವಳಿಗೆ ಕೆಳಗಿನ ಮೆಟ್ಟಿಲು ಬಿಟ್ಟು ಮೇಲೆ ಹತ್ತಲೂ ಆಗುವುದಿಲ್ಲ. ಹೋಗುವ ಮುಂಚೆ ಒಂದೇ ಒಂದು ಸಲ, ನಾನು ಕಲಸಿದ ಹಾಲು ಜೋಳವನ್ನು ನನ್ನ ಕೈಯಿಂದ ಅವಳಿಗೆ ಉಣ್ಣಿಸಬೇಕು. ನನಗೆ ಬೇಕಿರುವುದು ಅಷ್ಟೇ.

ತಮ್ಮ ವಿಶ್ವಾಸಿ, ಮತ್ತು ಅದೇ ನಿಧಿಯ ಮೂಲಕ ತಮ್ಮ ಹಾಗೆಯೇ ಆ ಕಂಪನಿಯ ಕಿರು ಪಾಲುದಾರಳು,
ನ್ಯಾರುವಾಟ್

ತಾ.ಕ.: ಚುನಾವಣೆಯ ವರ್ಷವಾದ್ದರಿಂದ ತಾವು ಅಕ್ಕನ ಮಣ್ಣಿಗೆ ಖಂಡಿತ ಬರುತ್ತೀರಿ. ದಯವಿಟ್ಟು ಹಸಿದುಕೊಂಡೇ ಬನ್ನಿ. ಅಂದಿನ ಅಡುಗೆ ನನ್ನ ಪಿಂಚಣಿಯಲ್ಲೇ ಆಗಬೇಕು. ನಮ್ಮವರು ಯಾರೂ ಅದನ್ನು ಮುಟ್ಟುವುದಿಲ್ಲ. ಒಂದೇ ಕಡೆಯವರು ಅಂತ ಉಳಿಯುವುದು ನಾವಿಬ್ಬರೇ, ಎದುರುಬದುರು ಕೂತು ಉಣ್ಣೋಣ.