ಹೆಜ್ಜೆ ಎಣಿಸುವ ಕೈಪಟ್ಟಿಗೆ, ಪಾಯಸದ ಬಕೆಟಿನ ವಿಷಯವಾಗಿ

ಮಾನ್ಯ ಕೈಪಟ್ಟಿಯವರೇ,

ಕೋಟದ ಭೋಜರಾಜ ಮಾಡುವ ವಂದನೆಗಳು. ಇತ್ತ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮಕ್ಕಾಗಿ ಈಗಷ್ಟೇ ಚಾರ್ಜಿಗೆ ಹಾಕಿದ್ದೇನೆ. ಹಲಸಿನ ಬೀಜದಷ್ಟು ಮುಖವಿಟ್ಟುಕೊಂಡು ಒಬ್ಬ ಮನುಷ್ಯನ ನಡಿಗೆ, ನಿದ್ದೆ, ಊಟ ಮೂರನ್ನೂ ವಿಚಾರಿಸುವ ತಮ್ಮ ಸಾಮರ್ಥ್ಯಕ್ಕೆ, ಈ ಕೆಲಸವನ್ನು ಇಷ್ಟು ವರ್ಷ ಒಬ್ಬಳೇ ಮಾಡಿಕೊಂಡು ಬಂದ ನನ್ನ ಹೆಂಡತಿ ಸರಸಳೂ ತಲೆಬಾಗಿದ್ದಾಳೆ.

ದೂರನ್ನು ಪ್ರೀತಿಯಿಂದಲೇ ಹೇಳುತ್ತೇನೆ. ಬಂಧುಗಳ ಮದುವೆಗಳಲ್ಲಿ ನೆಲದ ಮೇಲೆ ಬಾಳೆಲೆ ಹಾಕಿ ಹಂತಿಯಲ್ಲಿ ಸಾಲಾಗಿ ಕುಳಿತವರಿಗೆ ಬಗ್ಗಿ ಬಗ್ಗಿ ಪಾಯಸ ಬಡಿಸುವುದು ನನ್ನ ಕೆಲಸ. ಶಾಲೆಯಲ್ಲಿ ಕಲಿತದ್ದು ಕಡಿಮೆ. ನನ್ನ ಮರ್ಯಾದೆಯೆಲ್ಲ ಆ ಬಕೆಟಿನಲ್ಲಿಯೇ ಇತ್ತು. ಕಳೆದ ವರ್ಷ ಬಗ್ಗಿದವನು ಹೊಟ್ಟೆಯ ಭಾರಕ್ಕೆ ಏಳಲಾರದೆ ಉಣ್ಣುವವರೊಬ್ಬರ ಹೆಗಲು ಹಿಡಿದದ್ದೇ ತಪ್ಪಾಯಿತು. ಮಗ ಸುಜಿತ್ "ಅಪ್ಪಯ್ಯ, ಹೊಟ್ಟಿ ಇಳ್ದ್ರೆ ಬಕೆಟ್, ಇಲ್ದಿರೆ ಕುರ್ಚಿ" ಎಂದು ತೀರ್ಪು ಕೊಟ್ಟು, ತನ್ನ ತಂಗಿ ತೃಷಾಳ ಮದುವೆ ಹತ್ತಿರವಾಗುತ್ತಿದ್ದಂತೆ ತಮ್ಮನ್ನು ತಂದು ನನ್ನ ಎಡಗೈಗೆ ಕಟ್ಟಿದ. ಮಗಳ ಮದುವೆಯಲ್ಲಿ ಪ್ರತಿ ಎಲೆಗೂ ನನ್ನ ಕೈಯ ಪಾಯಸ ಬೀಳಬೇಕೆಂಬ ಆಸೆ ನನ್ನದು. ಬಾಗಿಲಲ್ಲಿ ಕುರ್ಚಿ ಹಾಕಿ ಕುಳಿತು ಪನ್ನೀರು ಚಿಮುಕಿಸುವ ಯೋಗ ನನಗೆ ಬೇಡವಾಗಿತ್ತು.

ತಾವು ಗಂಟೆಗೊಮ್ಮೆ ಗುರ್‍ರೆಂದು ನಡೆಯಲು ಅಪ್ಪಣೆ ಕೊಟ್ಟಿರಿ. ನಾನು ಬಿಳಿ ಪಂಚೆ ಉಟ್ಟು ಬೆಳಗ್ಗೆ ಹೊರಟೆ. ಆದರೆ ಮದುವೆ ನಿಶ್ಚಯವಾದ ಮನೆಯ ಯಜಮಾನ ಶುಭ್ರವಾಗಿ ಕಾಲ್ನಡಿಗೆಯಲ್ಲಿ ಬಂದನೆಂದರೆ ನಮ್ಮೂರಿನಲ್ಲಿ ಅದಕ್ಕಿರುವುದು ಒಂದೇ ಅರ್ಥ, ಹೇಳಿಕೆ ಕೊಡಲು, ಅಂದರೆ ಮದುವೆಗೆ ಕರೆಯಲು ಬಂದಿದ್ದಾನೆ ಎಂದು. ತಾವು ಹುಟ್ಟಿದ ಕಾರ್ಖಾನೆಯಲ್ಲಿ ಇದನ್ನು ಯಾರೂ ತಮಗೆ ಹೇಳಿದಂತಿಲ್ಲ. ಮೊದಲ ದಿನವೇ ದಾರಿ ಬದಿಯ ಮನೆಯ ರಾಜೀವಿಯಕ್ಕ ಅಂಗಳದಿಂದ "ಹ್ವಾಯ್ ಭೋಜಣ್ಣ, ಮದಿ ಹೇಳುಕೆ ಬಂದವ್ರ್ ದಾರಿಯಂಗೆ ನಿಂತ್ಕಂಬುದಾ? ಆಸ್ರಿ ಕುಡೀದೆ ಹೋಪುಕಿತ್ತಾ?" ಎಂದು ಒಳಗೆ ಕರೆದು, ಬೆಲ್ಲ ನೀರಿನ ಹಿಂದೆಯೇ ಕಾಯಿ ಬೆಲ್ಲ ಕಲಸಿದ ಅವಲಕ್ಕಿ ಇಟ್ಟರು. ಅವಲಕ್ಕಿ ಗಂಟಲಿಳಿದ ಮೇಲೆ 'ನಾನು ಬಂದದ್ದು ಬೊಜ್ಜು ಕರಗಿಸಲು' ಎನ್ನುವ ನಾಲಿಗೆ ಯಾರಿಗಿದೆ? ಮದುವೆಗೆ ಕರೆದೇಬಿಟ್ಟೆ. ಮರುದಿನ ಆ ಮನೆ ತಪ್ಪಿಸಿ ಗದ್ದೆಯಾಚೆಯ ದಾರಿ ಹಿಡಿದರೆ ಅಲ್ಲಿ ದುಗ್ಗಪ್ಪ, "ರಾಜೀವಿಯಕ್ಕನ್ ಮನಿಗ್ ಹೋಯಿದ್ರಿ ಅಂಬ್ರ್, ನಮ್ಮನಿ ದಾರಿ ಮರ್ತ್ ಹೋಯ್ತಾ?" ಎಂದು ಅಡ್ಡ ನಿಂತ. ಅವನಲ್ಲಿ ಎಣ್ಣೆಯಲ್ಲಿ ಕರಿದ ಬಿಸಿ ಗೋಳಿಬಜೆ. ಹೀಗೆ ತಾವು ದಿನದಿನಕ್ಕೆ ಗುರಿ ಹೆಚ್ಚಿಸಿದಂತೆ ದಾರಿ ಬೆಳೆಯಿತು, ದಾರಿ ಬೆಳೆದಂತೆ ಮನೆಗಳು, ಮನೆಗಳಿಗೆ ತಕ್ಕಂತೆ ಹೊಟ್ಟೆ. ಚಿಕ್ಕದಾಗಿ ಮದುವೆ ಮಾಡಲು ಹೊರಟ ಸರಸ "ನೀವ್ ಹೊಟ್ಟಿ ಇಳ್ಸುಕೆ ಹೋದ್ದಾ, ಊರ್ ಕರೂಕೆ ಹೋದ್ದಾ?" ಎಂದು ಕೇಳಿದಾಗ ತಾವು ಎಂದಿನಂತೆ ನನ್ನ ನಾಡಿ ಹಿಡಿದುಕೊಂಡಿದ್ದಿರಿ.

ತಿಂದದ್ದನ್ನೆಲ್ಲ ಮೊಬೈಲಿನಲ್ಲಿ ಬರೆಯಬೇಕೆಂಬ ತಮ್ಮ ಕಟ್ಟಳೆಯನ್ನೂ ನಾನು ಮೀರಿಲ್ಲ. ಆದರೆ ಏನು ತಿಂದೆ ಎಂದು ಕೇಳುವ ತಾವು, ಯಾರು ತಿನ್ನಿಸಿದರು ಎಂದು ಕೇಳುವುದೇ ಇಲ್ಲ. ಆದ್ದರಿಂದ ನನ್ನ ಸವಿನಯ ಕೋರಿಕೆ: ಇನ್ನು ಮುಂದೆ ತಾವೇ ನನಗಿಂತ ಮೊದಲು ಮನೆಮನೆಗೆ ಹೋಗಿ, ಹಿಂದೆ ಬರುವವನು ಬರೇ ನಡೆಯುವವನೆಂದು ತಿಳಿಸಬೇಕು, ಆಗದಿದ್ದರೆ ರಾಜೀವಿಯಕ್ಕನ ಎದುರು ಕುಳಿತು ಒಮ್ಮೆ 'ಬೇಡ' ಎಂದು ತೋರಿಸಬೇಕು.

ಮದುವೆಯ ದಿನ ನನ್ನ ತೂಕ ಇಳಿದಿರಲಿಲ್ಲ, ಏರಿತ್ತು. ಧಾರೆಯಾದದ್ದೇ ಸುಜಿತ್ ಹೇಳಿದ ಕುರ್ಚಿಯಲ್ಲಿ ಹೋಗಿ ಕುಳಿತೆ. ಆದರೆ ನಾನು ನಡೆದ ದಾರಿಗಳೆಲ್ಲ ಅಂದು ನಮ್ಮಂಗಳಕ್ಕೆ ಬಂದು ಸೇರಿದ್ದವು. ಹಂತಿ ಚಪ್ಪರ ದಾಟಿ ದನದ ಹಟ್ಟಿಯವರೆಗೆ ಹೋಯಿತು, ಬಡಿಸುವ ಹುಡುಗರು ಸುಸ್ತಾದರು, ಕೊನೆಯ ಎಲೆಗಳಿಗೆ ಪಾಯಸ ಬಾರದೆ ಜನ ಕತ್ತೆತ್ತಿ ನೋಡತೊಡಗಿದರು. ಬೆವರೊರೆಸಿಕೊಳ್ಳುತ್ತ ಓಡಿಬಂದ ಸುಜಿತ್ ನನ್ನ ಮುಖ ನೋಡದೆ "ಅಪ್ಪಯ್ಯ, ಏಳಿ ಕಾಂಬ, ಬಕೆಟ್ ಹಿಡ್ಕಣಿ" ಎಂದ. ಎದ್ದೆ, ಬಗ್ಗಿದೆ, ಏಳುವಾಗ ಒಂದೆರಡು ಹೆಗಲು ಹಿಡಿದದ್ದೂ ಹೌದು. ಮದುಮಗಳ ಎಲೆಯ ಮುಂದೆ ಬಗ್ಗುವಾಗಲೇ ತಾವು ಗುರ್‍ರೆಂದು ದಿನದ ಗುರಿ ಮುಟ್ಟಿತೆಂದು ಅಭಿನಂದಿಸಿದಿರಿ. ನೋಡಲಾಗಲಿಲ್ಲ, ಕ್ಷಮಿಸಿ, ಅವಳು ಇನ್ನೊಂದು ಸೌಟು ಕೇಳುತ್ತಿದ್ದಳು.

ಎಡಗೈಯಿಂದ ತಮ್ಮ ವಿಶ್ವಾಸಿ,
ಭೋಜರಾಜ

ತಾ.ಕ.: ಕಳೆದ ವಾರ ತಮ್ಮನ್ನು ಸರಸಳ ಕೈಗೆ ಕಟ್ಟಿದ್ದೆ. ಅವಳು ಕುಳಿತಲ್ಲೇ ತೆಂಗಿನಕಾಯಿ ತುರಿದದ್ದನ್ನೆಲ್ಲ ನಡಿಗೆಯೆಂದು ಲೆಕ್ಕ ಹಿಡಿದು, ಕೋಟದಿಂದ ಕುಂಭಾಶಿಗೆ ಹೋಗಿಬಂದಷ್ಟು ತೋರಿಸಿದ ತಮ್ಮ ಔದಾರ್ಯ ದೊಡ್ಡದು. ಆ ಕಾಯಿಯೆಲ್ಲ ಯಾರ ಹೊಟ್ಟೆ ಸೇರಿತೆಂಬುದನ್ನು ಮಾತ್ರ ದಯವಿಟ್ಟು ಸುಜಿತನಿಗೆ ತಿಳಿಸಬೇಡಿ.