ನಾಲ್ಕನೇ ನಂಬರ್ ಮನೆಗೆ ಬರಲಿರುವ ಹನ್ನೊಂದು ಕಪ್ ಗೆದ್ದ ಕುದುರೆಗೆ

ಹೆತ್ತೂರು ಹೋಬಳಿ,
ನವೆಂಬರ್ 1998

ರೇಸ್ ಲೋಕದ ಕಣ್ಮಣಿಗಳೂ ಹನ್ನೊಂದು ಕಪ್ ಗೆದ್ದವರೂ ಆದ ಶ್ರೀಮಾನ್ ಸಿಲ್ವರ್‌ಓಕ್ ಸುಲ್ತಾನ್ ಕುದುರೆಯವರ ದಿವ್ಯ ಗೊರಸುಗಳಿಗೆ ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರ್ ಏಕಾಂತಯ್ಯನ ನಮಸ್ಕಾರಗಳು.

ಮಾನ್ಯರೇ,

ತಾವು ಬೆಂಗಳೂರಿನಲ್ಲಿ ಐದು ವರ್ಷ ಓಡಿ, ಕೊನೆಯ ರೇಸಿನಲ್ಲಿ ಮುಂಗಾಲು ಕೆಡಿಸಿಕೊಂಡು, ಕುಂಟುತ್ತಲೇ ಮೊದಲು ಬಂದ ಸಂಗತಿಯನ್ನು ನಮ್ಮ ಸಾಹುಕಾರರು ಬಂದವರಿಗೆಲ್ಲ ಹೇಳಿ ಹೇಳಿ ನನಗೂ ಬಾಯಿಪಾಠವಾಗಿದೆ. ಇನ್ನು ಓಡಲಾರದ ತಮಗೆ ವಿಶ್ರಾಂತಿ ಬೇಕೆಂದು ಅವರು ತಮ್ಮನ್ನು ಈ ಕಾಫಿ ತೋಟಕ್ಕೆ ಕರೆತಂದದ್ದು ಧರ್ಮಕಾರ್ಯವೇ ಸರಿ.

ಕೆಲಸದವರ ಸಾಲುಮನೆಗಳ ಲೈನಿನ ನಾಲ್ಕನೇ ನಂಬರ್ ಮನೆಯನ್ನು ತಮ್ಮ ಲಾಯ ಮಾಡಬೇಕೆಂದು ಅಪ್ಪಣೆಯಾಗಿದೆ. ಅಲ್ಲಿ ನಲವತ್ತು ವರ್ಷದಿಂದ ಈರಮ್ಮ ಎಂಬಾಕೆ ಇದ್ದಾಳೆ. ಕಾಫಿ ಹಣ್ಣು ಕುಯ್ಯುವುದರಲ್ಲಿ ಆಕೆಯನ್ನು ಹಿಂದೆ ಹಾಕಿದವರಿಲ್ಲ. ಆದರೆ ನಮ್ಮಲ್ಲಿ ಕಪ್ ಕೊಡುವ ಪದ್ಧತಿ ಇಲ್ಲ. ಹೋದ ಮಳೆಗಾಲದಲ್ಲಿ ಇಳಿಜಾರಿನಲ್ಲಿ ಜಾರಿ ಆಕೆಯೂ ಮಂಡಿ ಮುರಿದುಕೊಂಡಳು. ಕಾಲು ಕೆಟ್ಟದ್ದಕ್ಕೆ ತಮಗೆ ಮನೆ ಬರುತ್ತದೆ, ಆಕೆಗೆ ಮನೆ ಹೋಗುತ್ತದೆ. ಇದರಲ್ಲಿ ಪಕ್ಷಪಾತವೇನೂ ಇಲ್ಲ, ತಮಗೆ ಎರಡು ಕಾಲು ಹೆಚ್ಚು ಅಷ್ಟೆ.

ತಮ್ಮ ಏಳು ತಲೆಮಾರಿನ ವಂಶಾವಳಿಯನ್ನು ಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ತೂಗುಹಾಕಿದ್ದಾರೆ. ಈರಮ್ಮನಿಗೆ ತಾನು ಹುಟ್ಟಿದ ದಿನವೇ ತಿಳಿಯದು. ರಿಜಿಸ್ಟರಿನಲ್ಲಿ ನಾನೇ ಜನವರಿ ಒಂದು ಎಂದು ಬರೆದುಕೊಂಡಿದ್ದೇನೆ. ರೇಸ್ ಕುದುರೆಗಳ ವಯಸ್ಸನ್ನೂ, ಯಾವಾಗ ಹುಟ್ಟಿರಲಿ, ಜನವರಿ ಒಂದರಿಂದಲೇ ಎಣಿಸುತ್ತಾರಂತೆ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಒಂದೇ ತಾರೀಖಿನ ಆಕೆಯನ್ನು ಅಕ್ಕನೆಂದು ಒಪ್ಪಿಕೊಂಡು, ಆ ವಂಶಾವಳಿಯ ಯಾವುದಾದರೂ ಮೂಲೆಯಲ್ಲಿ ಹೆಸರು ಸೇರಿಸಿಕೊಳ್ಳಬೇಕೆಂದು ಪ್ರಾರ್ಥನೆ. ಸುಲ್ತಾನರ ಅಕ್ಕನನ್ನು ಹೊರಗೆ ಹಾಕುವ ಧೈರ್ಯ ಇಲ್ಲಿ ಯಾರಿಗೂ ಇಲ್ಲ.

ಭಾನುವಾರದೊಳಗೆ ಮನೆ ಬಿಡಬೇಕೆಂಬ ನೋಟಿಸನ್ನು ಬರೆದವನೂ ನಾನೇ, ಆಕೆಗೆ ಓದಿ ಹೇಳಿದವನೂ ನಾನೇ. ಆಕೆ ಅಳಲಿಲ್ಲ, ಬೈಯಲಿಲ್ಲ. "ಅದ್ಕೂ ಕಾಲು ನೋವೈತೆ ಕಣ್ರೀ ರೈಟ್ರೇ. ಒಲೆ ಮಾತ್ರ ಕೀಳಿಸ್ಬ್ಯಾಡಿ, ಈ ಥಂಡೀಲಿ ಬೆಚ್ಚಗಿರ್ಲಿ" ಎಂದಳು. ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ, ನಾಚಿಕೆಯಾಗುತ್ತಿದೆ.

ಒಂದೂ ಕಪ್ ಗೆಲ್ಲದ, ಆದರೂ
ತಮ್ಮ ವಿಶ್ವಾಸಿ,
ಏಕಾಂತಯ್ಯ

ವಿ.ಸೂ.: ನಾಲ್ಕನೇ ನಂಬರಿನ ಕೀಲಿಯನ್ನು ಈರಮ್ಮ ನಿನ್ನೆಯೇ ತಂದು ಒಪ್ಪಿಸಿದಳು. ಇವತ್ತು ಆಫೀಸಿನಲ್ಲಿ ಎಷ್ಟು ಹುಡುಕಿದರೂ ಅದು ನನ್ನ ಕಣ್ಣಿಗೆ ಬೀಳುತ್ತಿಲ್ಲ. ಆ ಮನೆಯ ಒಲೆ ಮಾತ್ರ ಬೆಳಗಿನಿಂದ ಉರಿಯುತ್ತಿದೆ. ಥಂಡಿಯಾದರೆ ತಾವು ಆಕೆಯನ್ನು ಕೇಳಿ ಒಳಗೆ ಬರಬಹುದು. ಬಾಗಿಲು ಗಿಡ್ಡ, ತಾವಾಗಲಿ, ಸಾಹುಕಾರರಾಗಲಿ, ತಲೆ ತಗ್ಗಿಸಿಯೇ ಬರಬೇಕು.