ಮೆತ್ತಣ್ಣನ ರಸಮೇವಿನ ಗುಂಡಿ

ದನದ ಡಾಕ್ಟರು ಕೊಟ್ಟ ಪುಡಿ ಒಂದು ಚಿಟಿಕೆ ನಶ್ಯದಷ್ಟೂ ಇರಲಿಲ್ಲ. ಮೆತ್ತಣ್ಣ ಅದನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ಮನೆಗೆ ತಂದ. ನೊಣ ಬಂದು ಮೂಗಿನ ಮೇಲೆ ಕೂತರೂ ಅದಕ್ಕೆ ತೊಂದರೆಯಾಗದಿರಲಿ ಅಂತ ಸೀನು ತಡೆಯುವ ಮನುಷ್ಯ. ಬೀದಿಯವರು ಆ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಹೋದ ವರ್ಷ ಅವನು ಗುಂಡಿಯಲ್ಲಿ ಮುಚ್ಚಿಟ್ಟ ಹಸಿಹುಲ್ಲು ಹದವಾಗಿ ಹುಳಿತು ರಸಮೇವಾಗುವ ಬದಲು ಕೊಳೆತು ಹೋಗಿ, ಆ ನಾತಕ್ಕೆ ಕಾಗೆಗಳು ಕೂಡ ಬೀದಿ ಖಾಲಿ ಮಾಡಿದ್ದವು. "ಈ ಸಲವೂ ಕೊಳೆತರೆ ಎರಡು ಹಸುನೂ ನನ್ನ ತಮ್ಮನ ಕೊಟ್ಟಿಗೆಗೆ," ಎಂದು ಹೆಂಡತಿ ಹೇಳಿಯಾಗಿತ್ತು. ತಮ್ಮ ಬೆಳಗ್ಗೆಯೇ ಬಂದು, ಬಟ್ಟೆ ಅಂಗಡಿಯಲ್ಲಿ ಸೀರೆ ಆರಿಸುವವನ ಹಾಗೆ ಹಸುಗಳ ಬೆನ್ನು ಸವರುತ್ತಿದ್ದ.

"ಏನು ಭಾವ ಅದು, ಮುಖಕ್ಕೆ ಹಚ್ಚೋ ಪೌಡರಾ?"

"ಬ್ಯಾಕ್ಟೀರಿಯಾ ಕಣಯ್ಯ. ಜೊತೆಗೆ ಕಿಣ್ವ ಅಂತ ಒಂದಿದೆ. ಅದು ಹುಲ್ಲಿನ ನಾರು ಒಡೆದು ಸಕ್ಕರೆ ಮಾಡುತ್ತಂತೆ. ಇವು ಅದನ್ನ ತಿಂದು ಹುಳಿ ಬರಿಸ್ತಾವಂತೆ. ಆಮೇಲೆ ಮೇವು ಕೆಡೋ ಮಾತೇ ಇಲ್ಲ."

ಪುಡಿಯನ್ನು ಉಗುರುಬೆಚ್ಚಗಿನ ನೀರಿಗೆ ಕಲಸಿಟ್ಟು, ಕತ್ತರಿಸಿದ ಹುಲ್ಲನ್ನು ಗುಂಡಿಗೆ ಸುರಿದು ಬರುವಷ್ಟರಲ್ಲಿ ಆ ನೀರು ಒಲೆಯ ಮೇಲೆ ಕೊತಕೊತ ಕುದಿಯುತ್ತಿತ್ತು. ಪಕ್ಕದಲ್ಲಿ ಅತ್ತೆ, ಕೈಯಲ್ಲಿ ಸೌಟು.

"ಕ್ರಿಮಿ ಇರೋ ನೀರನ್ನ ಹಸು ತಿನ್ನೋದಕ್ಕೆ ಹಾಕ್ತಾರಾ ಅಳಿಯಂದ್ರೇ? ಚೆನ್ನಾಗಿ ಕುದಿಸಿದೀನಿ. ಒಂದೂ ಬದುಕಿಲ್ಲ."

ಮೆತ್ತಣ್ಣನ ಮುಖ ಇಳಿದು ಮೊಣಕಾಲಿಗೆ ಬಂತು. "ಉಪಕಾರ ಆಯ್ತು ಅತ್ತೆ," ಎಂದ.

ಡಾಕ್ಟರಿಗೆ ಫೋನು ಮಾಡಿದರೆ, "ಬೇರೆ ಪೊಟ್ಟಣ ಬರೋದು ಮುಂದಿನ ವಾರ. ಕತ್ತರಿಸಿದ ಹುಲ್ಲು ಅಲ್ಲಿವರೆಗೆ ಕಾಯಲ್ಲ. ಗಾಳಿ ಉಳಿಯದ ಹಾಗೆ ತುಳಿದು ಮುಚ್ಚಿ. ಹುಲ್ಲಲ್ಲೇ ಇರೋ ಜೀವಾಣುಗಳು ದೊಡ್ಡ ಮನಸ್ಸು ಮಾಡಿದ್ರೆ ಆಗುತ್ತೆ," ಎಂದರು.

ಮೆತ್ತಣ್ಣ ಗುಂಡಿಗಿಳಿದ. ಬೀದಿ ಸೇರಿತು.

"ನೀನು ತುಳೀತಿದ್ರೆ ಹುಲ್ಲಿಗೆ ಮೈಕೈ ಒತ್ತಿದ ಹಾಗಿದೆ ಮಾರಾಯ," ಎಂದು ದರ್ಜಿ ಪಂಚೆ ಎತ್ತಿ ಕಟ್ಟಿ ಇಳಿದೇಬಿಟ್ಟ. ಅವನಿಗೆ ತುಳಿಯಲು ಬರುವುದಿಲ್ಲವೆಂದು ಕ್ಷೌರಿಕ ಇಳಿದ. ಇಬ್ಬರಿಗೂ ಬುದ್ಧಿ ಹೇಳಲು ಮೇಷ್ಟ್ರು ಇಳಿದರು. ತನ್ನ ತಪ್ಪಿನ ಅರಿವಾದ ಅತ್ತೆಯೂ ಸೆರಗು ಸಿಕ್ಕಿಸಿ ಇಳಿದ ಮೇಲಂತೂ ಭೂಮಿ ಒಂದು ಗೇಣು ಕುಸಿಯಿತು. ಬಾಮೈದ ಮಾತ್ರ ದಂಡೆಯ ಮೇಲೆ ಕೂತು ಆಕಳಿಸುತ್ತಿದ್ದ. ಸಂಜೆ ಪ್ಲಾಸ್ಟಿಕ್ ಹೊದಿಸಿ ಮಣ್ಣು ಹೇರುವಾಗ ಮೆತ್ತಣ್ಣನ ಕಣ್ಣು ಒದ್ದೆಯಾಗಿತ್ತು. ಒಬ್ಬೊಬ್ಬರ ಕೈಯನ್ನೂ ಹಿಡಿದು ಹಿಡಿದು ಬಿಟ್ಟ.

ವಾರಗಳು ಕಳೆದು ಗುಂಡಿ ತೆರೆದಾಗ ಬಂದದ್ದು ನಾತವಲ್ಲ, ಹುಳಿಸಿಹಿ ಪರಿಮಳ. ಹಸುಗಳು ಮೇವಿನ ಜೊತೆ ಬುಟ್ಟಿಯನ್ನೂ ಅರ್ಧ ತಿಂದವು.

"ಹಸುಗಳು ಎಲ್ಲಿಗೂ ಬರಲ್ಲ ಕಣೋ," ಎಂದು ಹೆಂಡತಿ ತಮ್ಮನಿಗೆ ಹೇಳಿಬಿಟ್ಟಳು. ಅವನು ಮೇವನ್ನೊಮ್ಮೆ ಮೂಸಿ ಹೋದ. ಮೆತ್ತಣ್ಣ ಮನೆಮನೆಗೆ ಹೋಗಿ ಕೈಮುಗಿದು ಬಂದ.

ಬಂದು ನೋಡಿದರೆ ಕೊಟ್ಟಿಗೆಯಲ್ಲಿ ಕಾಲಿಡಲು ಜಾಗವಿಲ್ಲ. ಬಾಮೈದ ತನ್ನ ಹಸು, ಎಮ್ಮೆ, ಕರುಗಳನ್ನೆಲ್ಲ ತಂದು ಕಟ್ಟಿದ್ದ. ಅವು ಆಗಲೇ ಗುಂಡಿಯ ಒಂದು ಮೂಲೆ ಮುಗಿಸಿದ್ದವು.

"ಇಂಥ ಮೇವು ಇಲ್ಲಿರೋವಾಗ ಅವಕ್ಕೆ ಅಲ್ಲಿ ಒಣಹುಲ್ಲು ಹಾಕೋಕೆ ಮನಸ್ಸಾಗ್ಲಿಲ್ಲ ಭಾವ," ಎಂದು ಬಾಮೈದ ಕಣ್ಣೊರೆಸಿಕೊಂಡ. "ನಿನ್ನ ಉಪಕಾರ ಸಾಯೋವರೆಗೂ ಮರೆಯಲ್ಲ. ಹಾಲಿನ ಚಿಂತೆ ನಿನಗೆ ಬೇಡ. ಹಾಲು ಕರೆದು ತಗೊಂಡು ಹೋಗೋಕೆ ದಿನಾ ನಾನೇ ಬರ್ತೀನಿ."